ಗಂಡು ಹಿಟ್ಟಿನ ಡಬ್ಬಿ

ಮೀನುಮರಿ ಕೇಂದ್ರಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಈಗಲೂ ಆಗಾಗ ಜಮಖಂಡಿಯ ನನ್ನ ಮನೆಗೆ ಬರುತ್ತಾರೆ. ಯಾವ ಹಿಂಡಿ ಒಳ್ಳೆಯದು, ಮರಿಗಳು ಯಾಕೆ ಬಾಯಿ ತೆರೆದು ನೀರ ಮೇಲೆ ಬರುತ್ತವೆ, ಹೊಂಡಕ್ಕೆ ಸುಣ್ಣ ಯಾವಾಗ ಹಾಕಬೇಕು ಎಂದೆಲ್ಲ ಕೇಳುತ್ತಾರೆ. ತಿಳಿದಷ್ಟು ಹೇಳುತ್ತೇನೆ. ಹೋಗುವಾಗ, “ಕಾಕಾ, ಈ ಕೆಲಸಕ್ಕ ಎಲ್ಲಾಕ್ಕಿಂತ ಮೊದಲ ಏನ ಬೇಕ್ರಿ?” ಎಂದು ಕೇಳಿದರೆ, “ಅಂಜಿಕಿ ಬೇಕಪಾ” ಎನ್ನುತ್ತೇನೆ. ಅವರು ನಗುತ್ತಾರೆ. ಮುದುಕ ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಳ್ಳುತ್ತಾರೆ.

ಚೇಷ್ಟೆಯಲ್ಲ. ನಾನು ಹುಟ್ಟಾ ಅಂಜುಬುರುಕ. ಹಾವಿಗೆ ಅಂಜುತ್ತೇನೆ, ಒದ್ದೆ ಕೈಯಲ್ಲಿ ಮೋಟಾರಿನ ಸ್ವಿಚ್ಚು ಒತ್ತಲು ಅಂಜುತ್ತೇನೆ, ಧಣಿಗಳಿಗೆ ಅಂಜಿದ್ದೇನೆ, ಹೆಂಡತಿಗೆ ಅಂಜದ ದಿನ ನೆನಪಿಲ್ಲ. ಇಷ್ಟೆಲ್ಲ ಅಂಜುವ ನಾನು, ನಿಜವಾಗಿ ಅಂಜಬೇಕಾಗಿದ್ದ ಒಂದು ಕಡೆ ಮಾತ್ರ ಎದೆ ಸೆಟೆಸಿ ನಿಂತೆ. ಅದಕ್ಕಾಗಿ ಆಮೇಲೆ ಹನ್ನೆರಡು ವರ್ಷ ಅಂಜಿಕೊಂಡೇ ಬದುಕಿದೆ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮದು ಕೊರಳಲ್ಲಿ ಲಿಂಗ ಇರುವ ಮನೆತನ. ಮೀನು ತಿನ್ನುವುದಿರಲಿ, ಮುಟ್ಟಿದವರೂ ನಮ್ಮಲ್ಲಿ ಇರಲಿಲ್ಲ. ನಾನು ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡಿದ್ದವನು. ಚಿಕ್ಕಪಡಸಲಗಿ ಬ್ಯಾರೇಜಿನ ಹಿನ್ನೀರಿಗೆ ಹತ್ತಿಕೊಂಡು ಒಬ್ಬ ದೊಡ್ಡ ಜಮೀನುದಾರರ ಹೊಲವಿತ್ತು. ಕಬ್ಬಿಗೆ ನೀರು ಬಿಟ್ಟು ಬಿಟ್ಟು ಅದರಲ್ಲಿ ಅರ್ಧ ಸವಳಾಗಿ, ನೆಲದ ಮೇಲೆ ಉಪ್ಪು ಬೆಳ್ಳಗೆ ಕಾಣುತ್ತಿತ್ತು. ಬೆಳೆ ಬಾರದ ನೆಲದಲ್ಲಿ ಅವರು ಹೊಂಡ ತೋಡಿಸಿ ಮೀನು ಬಿಟ್ಟರು. ನೀರೆತ್ತುವ ಮೋಟಾರು ನೋಡಿಕೊಳ್ಳಲು ನನ್ನನ್ನು ಕರೆದರು. ಮೋಟಾರಿನಿಂದ ಹೊಂಡಕ್ಕೆ, ಹೊಂಡದಿಂದ ಮರಿಗಳ ತೊಟ್ಟಿಗೆ ಜಾರಿ, ಒಂದೆರಡು ವರ್ಷದಲ್ಲಿ ನಾನೇ ಅಲ್ಲಿಯ ಮೇಲ್ವಿಚಾರಕನಾದೆ. ಮನೆಗೆ ಬಂದರೆ ಅವ್ವ ಬಾಗಿಲಿಗೆ ಅಡ್ಡ ನಿಂತು, “ಲಿಂಗಾ ಮುಟ್ಟೂ ಕೈಲೆ ಮೀನ ಮುಟ್ಟಿ ಬಂದೀ. ಮೊದಲ ಹಿತ್ತಲಾಗ ಜಳಕಾ ಮಾಡು, ಆಮ್ಯಾಲ ಒಳಗ ಬಾ” ಎನ್ನುತ್ತಿದ್ದಳು. ಅವಳು ಇರುವತನಕ ಆ ಜಳಕ ತಪ್ಪಲಿಲ್ಲ.

ಕೇಂದ್ರದಲ್ಲಿ ನನಗೆ ಸರಿಜೋಡಿ ಎಂದರೆ ಲಕ್ಕವ್ವ. ಬೀರೇಶ್ವರನ ಒಕ್ಕಲು, ಕುರಿ ಕಾಯುವ ಮನೆತನದವಳು. ಗಂಡ ತೀರಿಕೊಂಡ ಮೇಲೆ ಕುರಿ ಮಾರಿ ಕೂಲಿಗೆ ಬಂದವಳು. ನಾನು ಮೂರು ತಿಂಗಳಲ್ಲಿ ಕಲಿತದ್ದನ್ನು ಅವಳು ಮೂರು ದಿನದಲ್ಲಿ ಕಲಿತಳು. ನಾವು ಮುಖ್ಯವಾಗಿ ಸಾಕುತ್ತಿದ್ದುದು ತಿಲಾಪಿಯಾ, ನಮ್ಮ ಕಡೆ ಚಿಲಾಪಿ ಅನ್ನುತ್ತಾರೆ. ಇದರ ತಾಯಿ ಮೊಟ್ಟೆ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು, ತಾನು ಉಪವಾಸ ಬಿದ್ದು ಕಾಯುತ್ತದೆ. ಅದರ ಬಾಯಿ ಬಿಡಿಸಿ ಮೊಟ್ಟೆ ತೆಗೆಯುವುದು ಲಕ್ಕವ್ವನ ಕೆಲಸ. ಪ್ರತಿ ಸಲವೂ, “ತಪ್ಪಾತ ನಮ್ಮವ್ವಾ, ಹೊಟ್ಟಿಪಾಡು” ಎಂದು ಮೀನಿಗೆ ಹೇಳಿಯೇ ತೆಗೆಯುತ್ತಿದ್ದಳು.

ಚಿಲಾಪಿಯ ತೊಂದರೆ ಏನೆಂದರೆ, ಗಂಡು ಹೆಣ್ಣು ಒಂದೇ ಹೊಂಡದಲ್ಲಿದ್ದರೆ ಬೆಳೆಯುವುದನ್ನು ಬಿಟ್ಟು ಹಡೆಯುವುದಕ್ಕೆ ನಿಲ್ಲುತ್ತವೆ. ಹೊಂಡ ತುಂಬ ಬೆರಳುದ್ದದ ಮೀನು, ಒಂದೂ ಪೇಟೆಗೆ ಬಾರದು. ಗಂಡು ಬೇಗ ದಪ್ಪವಾಗುತ್ತದೆ. ಅದಕ್ಕೆ ಎಲ್ಲರಿಗೂ ಗಂಡೇ ಬೇಕು. ಮೊದಲು ನಾವು ಕೈಯಿಂದ ಆರಿಸುತ್ತಿದ್ದೆವು. ಅಂಗೈಯಷ್ಟಾದ ಮೀನನ್ನು ಅಂಗಾತ ಹಿಡಿದು, ಹೊಟ್ಟೆಯ ಕೆಳಗೆ ಬಣ್ಣದ ನೀರು ಒಂದು ಹನಿ ಹಚ್ಚಬೇಕು. ಬನಹಟ್ಟಿಯಲ್ಲಿ ನೂಲಿಗೆ ಹಾಕುವ ನೀಲಿಯನ್ನೇ ಚಿಟಿಕೆ ತಂದು ಕಲಸಿಟ್ಟಿರುತ್ತಿದ್ದೆವು. ಬಣ್ಣ ಇಳಿದಾಗ ಎರಡು ರಂಧ್ರ ಕಂಡರೆ ಗಂಡು, ಮೂರು ಕಂಡರೆ ಹೆಣ್ಣು. ಲಕ್ಕವ್ವ ನೋಡಿ, “ಎರಡ… ಮೂರ… ಎರಡ…” ಎಂದು ಕೂಗಿ ಬುಟ್ಟಿಗೆ ಹಾಕುವಳು. ಅವಳು ಕೂಗಿದ್ದು ತಪ್ಪಿದ್ದನ್ನು ನಾನು ವರ್ಷಗಟ್ಟಲೆ ನೋಡಿರಲಿಲ್ಲ.

ಒಂದು ಬ್ಯಾಸಿಗೆಯಲ್ಲಿ ಮರಿಗಳ ಸಣ್ಣ ಸಿಮೆಂಟು ತೊಟ್ಟಿಯ ಮೇಲಿನ ನೆರಳು ಬಲೆ ಗಾಳಿಗೆ ಹರಿಯಿತು. ಅದೇ ವಾರ ಮೋಟಾರೂ ಸುಟ್ಟಿತು. ಹೊಸ ನೀರಿಲ್ಲ, ಮೇಲೆ ನಮ್ಮ ಏಪ್ರಿಲ್ಲಿನ ಬಿಸಿಲು. ತೊಟ್ಟಿಯಲ್ಲಿ ಕೈ ಇಟ್ಟರೆ ಜಳಕದ ನೀರಿನ ಹಾಗಿತ್ತು. ಬಹಳ ಮರಿ ಸತ್ತವು. ಧಣಿಗಳ ಬೈಗುಳಕ್ಕೆ ಅಂಜಿ, ಉಳಿದವನ್ನು ಸದ್ದಿಲ್ಲದೆ ಬೇರೆ ಹೊಂಡಕ್ಕೆ ಬಿಟ್ಟೆ. ಅವು ದೊಡ್ಡವಾಗಿ ಆರಿಸುವ ದಿನ ಬಂತು. ಲಕ್ಕವ್ವ ಕೂಗತೊಡಗಿದಳು. “ಎರಡ, ಎರಡ, ಎರಡ, ಎರಡ…” ಮೂರು ಎನ್ನುವುದು ಅಪರೂಪಕ್ಕೊಮ್ಮೆ. ಬುಟ್ಟಿ ಅರ್ಧವಾಗುವ ಹೊತ್ತಿಗೆ ಅವಳು ಕೂಗುವುದನ್ನು ನಿಲ್ಲಿಸಿದಳು. “ಯಣ್ಣಾ, ಹೆಣ್ಣ ಎಲ್ಲಿ ಹೋದೂ? ಯಾರರ ಏನರ ಮಾಡ್ಸ್ಯಾರೇನ?” ಎಂದಳು. ಮರುದಿನ ಅವಳು ಹೊಂಡಕ್ಕೆ ಲಿಂಬೆಹಣ್ಣು ನಿವಾಳಿಸಿದಳು. ನಾನು ಬೇಡ ಎನ್ನಲಿಲ್ಲ.

ಮುಂದೆ ಮೀನಿನ ವಿಷಯ ಓದಿಕೊಂಡ ಒಬ್ಬ ಹಿರಿಯ ಅಧಿಕಾರಿ ಹೊಂಡ ನೋಡಲು ಬಂದಾಗ ಅವರ ಮುಂದೆ ಇದನ್ನು ಹೇಳಿದೆ. ಅವರು ನಗಲಿಲ್ಲ. ತೊಟ್ಟಿಯ ದಂಡೆಯ ಮೇಲೆ ಕೂತು ತಿಳಿಸಿ ಹೇಳಿದರು. ಆಕಳ ಕರು, ಮನುಷ್ಯರ ಕೂಸು, ಇವುಗಳ ಗಂಡು ಹೆಣ್ಣು ಬಸಿರು ನಿಂತಾಗಲೇ ತೀರ್ಮಾನ. ಮೀನಿನಲ್ಲಿ ಹಾಗಲ್ಲ. ಹುಟ್ಟಿನಿಂದ ಒಂದು ಒಲವು ಇರುತ್ತದೆ, ಆದರೆ ಮೊಟ್ಟೆಯೊಡೆದು ಬಂದ ಮೇಲೂ ಕೆಲವು ವಾರ ಮರಿ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಆ ದಿನಗಳಲ್ಲಿ ನೀರು ಬಿಸಿಯಾದರೆ, ಹೆಣ್ಣಾಗಬೇಕಿದ್ದವೂ ಗಂಡಿನ ಕಡೆ ಹೊರಳುತ್ತವೆ. ಎಲ್ಲ ಜಾತಿಯ ಮೀನೂ ಹೀಗಲ್ಲ. ನಮ್ಮ ಕಾಟ್ಲಾ, ರೋಹುಗಳಲ್ಲಿ ಅಂಥದ್ದು ಕಾಣುವುದಿಲ್ಲ. ಚಿಲಾಪಿ ಮಾತ್ರ ನೀರು ಹೇಳಿದ ಮಾತು ಕೇಳುತ್ತದೆ. “ಒಂದು ಬಿಸಿಲಿಗೆ ಹಿಂಗ ಆದ್ರ, ನೀರು ಕೆಟ್ಟರ ಏನಾದೀತು, ವಿಚಾರ ಮಾಡ್ರಿ” ಎಂದು ಹೇಳಿ ಅವರು ಎದ್ದರು. ನಾನು ಆ ವಿಚಾರ ಮಾಡಲಿಲ್ಲ. ನನ್ನ ತಲೆಗೆ ಹತ್ತಿದ್ದು ಬೇರೆ.

ನನಗೆ ಬಂದದ್ದು ಸೊಕ್ಕು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಹೊಂಡಕ್ಕೆ ಮರಿ ಒಯ್ಯಲು ಬಂದ ಮುಧೋಳದ ರೈತರ ಮುಂದೆ, “ನಮ್ಮ ಕೇಂದ್ರದಾಗ ಗಂಡ ಬೇಕಂದ್ರ ಗಂಡ, ಹೆಣ್ಣ ಬೇಕಂದ್ರ ಹೆಣ್ಣ. ಎಲ್ಲಾ ನನ್ನ ಕೈಯಾಗೈತಿ” ಎಂದು ಹೇಳಿಕೊಂಡು ತಿರುಗಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ್ದು ಎಲ್ಲಿಗೆ ಹೋಯಿತು ಎಂಬುದು ಬಹಳ ತಡವಾಗಿ ತಿಳಿಯಿತು.

ಬಿಸಿಲನ್ನು ನಂಬಿ ವರ್ಷವಿಡೀ ಗಂಡು ಮಾಡಲಾಗುವುದಿಲ್ಲ. ಧಣಿಗಳು ಹೊರರಾಜ್ಯದ ಪರಿಚಯದವರಿಂದ ಒಂದು ಔಷಧ ತರಿಸಿದರು. ನೋಡಲು ಹಿಡಿ ಸಕ್ಕರೆಪುಡಿಯಷ್ಟು. ಅದು ಗಂಡುತನದ ಹಾರ್ಮೋನು. ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಶೇಂಗಾ ಹಿಂಡಿ, ಮೀನುಪುಡಿ, ತೌಡಿನ ಹಿಟ್ಟಿಗೆ ಕಲಸಿ, ನೆರಳಲ್ಲಿ ಒಣಗಿಸಿ, ಹೊಸ ಮರಿಗಳಿಗೆ ನಾಲ್ಕು ವಾರ ತಿನ್ನಿಸಬೇಕು. ಅಷ್ಟಾದರೆ ಹೊಂಡವಿಡೀ ಗಂಡು. ಕೈಗೆ ಚೀಲ ಹಾಕಿಕೊಳ್ಳಬೇಕು, ಮೂಗು ಕಟ್ಟಿಕೊಳ್ಳಬೇಕು ಎಂದು ಯಾರೂ ನಮಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ. ಲಕ್ಕವ್ವ ರೊಟ್ಟಿ ಹಿಟ್ಟು ನಾದುವ ಹಾಗೆ ಅದನ್ನು ಬರಿಗೈಯಲ್ಲಿ ನಾದುತ್ತಿದ್ದಳು. ಎದುರು ಕೂತು ನಾನೂ ನಾದುತ್ತಿದ್ದೆ. ನಾದಿದ ಕೈಯಲ್ಲೇ ಚಹಾ ಕುಡಿಯುತ್ತಿದ್ದೆವು.

ಕೆಲಸದವರು ತಪ್ಪಿ ಇದನ್ನು ಕಾಟ್ಲಾ ಮರಿಗಳಿಗೆ ಹಾಕಿಯಾರು ಎಂದು ನಾನೊಂದು ಜಾಣತನ ಮಾಡಿದೆ. ದೊಡ್ಡ ಎಣ್ಣೆ ಡಬ್ಬಿಯಲ್ಲಿ ಆ ಹಿಟ್ಟು ತುಂಬಿ, ಮೇಲೆ ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದೆ: ಗಂಡು ಹಿಟ್ಟು. ಔಷಧದ ಹೆಸರು ಬರೆಯಲಿಲ್ಲ, ವಿಷ ಎಂದು ಬರೆಯಲಿಲ್ಲ, ಬೀಗ ಹಾಕಲಿಲ್ಲ. ನನ್ನ ಅಕ್ಷರ ಚೆನ್ನಾಗಿದೆ. ಎರಡು ಮೂರು ಹೆಜ್ಜೆ ಹಿಂದೆ ಸರಿದು ನೋಡಿ ಖುಷಿಪಟ್ಟದ್ದು ಈಗಲೂ ನೆನಪಿದೆ.

ವರ್ಷದ ಮೇಲೆ ಒಂದು ಮಧ್ಯಾಹ್ನ ಹೊಸ ತಂಡದ ಮೀನು ಆರಿಸುತ್ತಿದ್ದೆವು. ಗಂಡು ಹಿಟ್ಟು ತಿಂದ ಮೇಲೆ ಆರಿಸುವುದು ಬರೀ ಶಾಸ್ತ್ರಕ್ಕೆ. ಲಕ್ಕವ್ವ “ಎರಡ, ಎರಡ” ಎಂದು ಕೂಗುತ್ತಿದ್ದಳು. ನಾನು ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದೆ. ಬುಟ್ಟಿಯಿಂದ ಒಂದು ಮೀನು ಜಿಗಿದು ನನ್ನ ಕಾಲ ಹತ್ತಿರ ಬಿತ್ತು. ಎತ್ತಿ ಒಳಗೆ ಹಾಕುವಾಗ ಹೊಟ್ಟೆಯ ನೀಲಿಯ ಮೇಲೆ ಸುಮ್ಮನೆ ಕಣ್ಣು ಹಾಯಿತು. ಮೂರು. ಇರಲಿ, ಒಂದು ತಪ್ಪಿರಬಹುದು ಎಂದು ಇನ್ನೊಂದು ಎತ್ತಿದೆ. ಮೂರು. ಮತ್ತೊಂದು ಎರಡು. ಅದರ ಮುಂದಿನದು ಮತ್ತೆ ಮೂರು.

“ಲಕ್ಕವ್ವಾ, ಕಣ್ಣ ಮಂಜ ಆಗ್ಯಾವೇನ ಬೇ? ಅರ್ಧಕ್ಕರ್ಧ ಹೆಣ್ಣ ಅದಾವ” ಎಂದೆ.

ಅವಳು ತಲೆ ಎತ್ತಲಿಲ್ಲ. “ಥಂಡಿ ಬಾಳ ಇತ್ತಲ್ಲ ಯಣ್ಣಾ ಈ ಸಲ. ಅದಕ್ಕ ಆಗಿರಬೇಕು” ಎಂದಳು.

ಚಳಿಗಾಲ ಹೌದು. ಆದರೆ ಹಿಟ್ಟು ಸರಿಯಾಗಿ ತಿಂದಿದ್ದರೆ ಚಳಿಯ ಆಟ ನಡೆಯದು ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೀನುಗಳು ಸಾಕಷ್ಟು ಔಷಧ ತಿಂದಿಲ್ಲ. ಮೀನು ತಿನ್ನದೆ ಇದ್ದದ್ದನ್ನು ತಿಂದವರು ಯಾರು? ಡಬ್ಬಿ ತೆಗೆದು, ತಳದಲ್ಲಿ ಉಳಿದ ಹಿಟ್ಟನ್ನು ಅಂಗೈಗೆ ಹಾಕಿಕೊಂಡು ನೋಡಿದೆ. ಗಂಡು ಹಿಟ್ಟು ಕಂದು ಬಣ್ಣ, ಮೂಗಿನ ಹತ್ತಿರ ಹಿಡಿದರೆ ಸ್ಪಿರಿಟ್ಟಿನ ವಾಸನೆ ಸ್ವಲ್ಪವಾದರೂ ಬರುತ್ತದೆ. ಇದರಲ್ಲಿ ಬಿಳಿ ತೌಡು ಹೆಚ್ಚಾಗಿ ಬೆರೆತಿತ್ತು. ತೆಗೆದಷ್ಟಕ್ಕೆ ಬರೀ ತೌಡು ತುಂಬಿಟ್ಟಿದ್ದರು. ಡಬ್ಬಿಗೆ ಕೈ ಹಾಕುವವರು ಇಬ್ಬರೇ, ನಾನು ಮತ್ತು ಅವಳು.

ಹಿಂತಿರುಗಿ ಬಂದಾಗ ಲಕ್ಕವ್ವ ಮೀನು ಆರಿಸುವುದು ಬಿಟ್ಟು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

“ಯಾರಿಗೆ ಕೊಟ್ಟಿ?”

“ಬೈಬ್ಯಾಡ ಯಣ್ಣಾ.”

“ಬೈಯೂದಿಲ್ಲ. ಯಾರಿಗೆ ಕೊಟ್ಟಿ ಹೇಳು.”

“ನನ್ನ ನೀಲವ್ವಗ.”

ನೀಲವ್ವ ಅವಳ ಒಬ್ಬಳೇ ಮಗಳು. ಬೀಳಗಿ ಕಡೆ, ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರು ಹೋಗಿ ಹೊಸ ಊರು ಕಟ್ಟಿಕೊಂಡ ಜನರ ಮನೆಗೆ ಕೊಟ್ಟಿದ್ದಳು. ನೀಲವ್ವ ಮೂರು ಹೆಣ್ಣು ಹಡೆದಿದ್ದಳು. ನಾಲ್ಕನೆಯದು ಹೊಟ್ಟೆಯಲ್ಲಿದ್ದಾಗ ಅತ್ತೆ, ಈ ಸಲ ಗಂಡಾಗದಿದ್ದರೆ ಮಗನಿಗೆ ಇನ್ನೊಂದು ಲಗ್ನ ಮಾಡುತ್ತೇನೆ ಎಂದಿದ್ದಳಂತೆ. ವಾಂತಿ ಜೋರಾಗಿ ನೀಲವ್ವ ತವರಿಗೆ ಬಂದು ಒಂದು ತಿಂಗಳಿದ್ದಳು. ಆ ಒಂದು ತಿಂಗಳು ಲಕ್ಕವ್ವ ದಿನಾ ಒಂದು ಹಿಡಿ ಗಂಡು ಹಿಟ್ಟು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ, ಜೋಳದ ಹಿಟ್ಟಿನಲ್ಲಿ ಬೆರೆಸಿ, ಮೇಲೆ ಖಾರ ಹಚ್ಚಿ, ರೊಟ್ಟಿ ಮಾಡಿ ತಿನ್ನಿಸಿದ್ದಳು.

“ನೀನ ಹೇಳ್ತಿದ್ದೆಲ್ಲ ಯಣ್ಣಾ, ಗಂಡ ಬೇಕಂದ್ರ ಗಂಡ ಅಂತ. ಡಬ್ಬಿ ಮ್ಯಾಲೂ ಬರದಿ ಅಂತ ಓದಕ ಬರೋರು ಹೇಳಿದ್ರು. ನೀರ ಬಿಸಿ ಆದ್ರ ಗಂಡ ಆಗ್ತಾವ ಅಂದಿ. ಅದಕ್ಕ ಮೂರನೇದು ಹೊಟ್ಟ್ಯಾಗ ಇದ್ದಾಗ ದಿನಾ ಸುಡು ಸುಡು ನೀರ ಎರದೆ. ಆಗಲಿಲ್ಲ. ಬಿಸಿಗೆ ಆಗದಿದ್ದದ್ದು ಹಿಟ್ಟಿಗೆ ಆದೀತು ಅನ್ಕೊಂಡೆ. ಸಾವಿರ ಮೀನಿಗೆ ಆಗೂದು ನನ್ನ ಒಂದ ಮಗಳಿಗೆ ಆಗಬಾರದೇನು?”

ಕದ್ದದ್ದು ಅವಳು, ಕಲಿಸಿದ್ದು ನಾನು. ತೊಟ್ಟಿಯ ದಂಡೆಯ ಮೇಲೆ ಕೂತು ಅಧಿಕಾರಿಗಳು ಹೇಳಿದ್ದರಲ್ಲಿ ಅರ್ಧವನ್ನಷ್ಟೇ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಮನುಷ್ಯರ ಕೂಸಿನದು ಹಾಗಲ್ಲ ಎಂಬ ಅರ್ಧವನ್ನು ಒಬ್ಬರಿಗೂ ಹೇಳಿರಲಿಲ್ಲ. ಸೊಕ್ಕಿಗೆ ಆ ಅರ್ಧ ಬೇಕಿರಲಿಲ್ಲ.

ಆ ವಾರವೇ ನೀಲವ್ವನನ್ನು ಜಮಖಂಡಿಗೆ ಕರೆಸಿ ಹೆರಿಗೆ ನೋಡುವ ಡಾಕ್ಟರ್ ಬಾಯಿಯವರ ಹತ್ತಿರ ಒಯ್ದೆವು. ಆಗ ಅವಳಿಗೆ ಆರು ತುಂಬಿತ್ತು. ನಾನು ಔಷಧದ ಚೀಟಿಯನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಬಾಯಿಯವರು ಚೀಟಿ ಓದಿ ಕನ್ನಡಕ ತೆಗೆದರು.

“ಎಷ್ಟ ತಿಂದಾಳ?”

“ದಿನಾ ಒಂದ ಹಿಡಿರಿ. ಒಂದ ತಿಂಗಳು. ರೊಟ್ಟ್ಯಾಗ ಹಾಕಿ ಸುಟ್ಟಾರ್ರಿ. ಹಂಚಿನ ಬಿಸಿಗೆ ಔಷಧ ಸತ್ತಿರೂದಿಲ್ಲೇನ್ರಿ ಬಾಯಾರ?”

“ಅದನ್ನ ನಂಬಕೊಂಡ ಕೂಡಬ್ಯಾಡ್ರಿ. ಮನಷ್ಯಾರದು ಗಂಡೋ ಹೆಣ್ಣೋ ಬಸರಾದ ದಿನಾನ ತೀರ್ಮಾನ ಆಗಿರ್ತೈತಿ. ಅದು ಗಂಡನ ಕಡಿಂದ ಬರೂದು, ಯಾವ ಹಿಟ್ಟಿಂದೂ ಬದಲಾಗೂದಿಲ್ಲ. ಆದ್ರ ಹೊಟ್ಟ್ಯಾಗ ಹೆಣ್ಣಿದ್ರ, ಅದರ ಮೈ ಬೆಳ್ಯೂ ಹೊತ್ತಿನ್ಯಾಗ ಗಂಡಸಿನ ಔಷಧ ಹೋದ್ರ ಮೈ ಕೆಡಬಹುದು. ಆಗೇ ಆಗ್ತೈತಿ ಅಂತ ಹೇಳೂದಿಲ್ಲ. ಆಗೂದಿಲ್ಲ ಅಂತನೂ ಹೇಳೂದಿಲ್ಲ.”

ನಾನು ಇನ್ನೇನು ಕೇಳುವೆನೋ ಎಂಬಂತೆ, ಅವರು ಬೆರಳಿನಿಂದ ಗೋಡೆಯ ಬೋರ್ಡು ತೋರಿಸಿದರು. ಗರ್ಭದ ಕೂಸು ಗಂಡೋ ಹೆಣ್ಣೋ ಹೇಳುವುದು ಅಪರಾಧ ಎಂದು ಅದರಲ್ಲಿತ್ತು. “ಹುಟ್ಟಿದ ಮ್ಯಾಲ ನೋಡೂನು. ಹುಟ್ಟಿದಾಗ ಸರಿ ಕಂಡ್ರೂ, ಹೆಣ್ಣಾದ್ರ ಅದು ದೊಡ್ಡಾಕಿ ಆಗೂತನಕ ಕಣ್ಣಿಟ್ಟಿರ್ರಿ. ಅಲ್ಲೀತನಕ ಯಾರೂ ಖಾತ್ರಿ ಕೊಡೂದಿಲ್ಲ” ಎಂದರು.

ಹೊರಗೆ ಬಂದ ಮೇಲೆ ನೀಲವ್ವ ಅವ್ವನನ್ನು ಕೇಳಿದಳು, “ಯವ್ವಾ, ಆ ರೊಟ್ಟಿ ಕಹಿ ಐತಿ ಅಂದಾಗ, ಮೆಂತೆ ಅಂತ ಯಾಕ ಹೇಳಿದಿ?” ಲಕ್ಕವ್ವ ಆಸ್ಪತ್ರೆಯ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಳು.

ಧಣಿಗಳಿಗೆ ಹೇಳದೆ ಉಪಾಯವಿರಲಿಲ್ಲ. ಕೇಳಿ ಅವರ ಮುಖ ಬೆಳ್ಳಗಾಯಿತು, ಮರುಗಳಿಗೆ ಕೆಂಪಾಯಿತು. “ಲೇ ಮಲ್ಲಪ್ಪಾ, ಬಾಯಿ ಮುಚಗೊಂಡಿರು. ಆಕೀನ್ನ ಕೆಲಸಾ ಬಿಡಸು. ಹಿಟ್ಟಿಗೆ ಕೀಲಿ ಹಾಕು, ಮುಂದ ನಡಸು” ಎಂದರು. ಜೀವಮಾನದಲ್ಲಿ ಅವರಿಗೆ ಎದುರು ಆಡಿದ್ದು ಅದೊಂದೇ ಸಲ. “ಆಕಿ ಹ್ವಾದ್ರ ನಾನೂ ಹೊಕ್ಕೇನ್ರಿ. ಆ ಹಿಟ್ಟ ಇನ್ನ ನಾ ಕಲಸೂದಿಲ್ರಿ” ಎಂದೆ. ಅವರು ಹೊಂಡದ ಕಡೆ ನೋಡಿ, “ಬಿಸಲಾಗರ ಕಾಸು, ನೀರಾಗರ ಮುಳುಗು, ನನಗ ಗಂಡ ಬೇಕು” ಎಂದು ಹೋದರು. ಉಳಿದ ಹಿಟ್ಟನ್ನೂ ಪುಡಿಯನ್ನೂ ಸವಳು ನೆಲದ ಮೂಲೆಯಲ್ಲಿ ಸುಟ್ಟೆ. ಆಮೇಲೆ ಬ್ಯಾಸಿಗೆಯಲ್ಲಿ ತೊಟ್ಟಿಗೆ ಕರಿ ತಾಡಪಾಲು ಹೊದಿಸಿ ಬಿಸಿ ನೀರಲ್ಲಿ ಮರಿ ಬೆಳೆಸುವುದು, ಉಳಿದ ಕಾಲ ಕೈಯಿಂದ ಆರಿಸುವುದು. ಬಿಸಿಯಲ್ಲಿ ಸಾಯುವವು ಹೆಚ್ಚು, ಗಂಡಾಗುವುದೂ ಪೂರ್ತಿಯಲ್ಲ. ಇರಲಿ, ಬಿಸಿಲನ್ನು ಯಾರೂ ಸೆರಗಿನಲ್ಲಿ ಕಟ್ಟಿಕೊಂಡು ಹೋಗಲಾರರು.

ಹಿಟ್ಟು ಸುಟ್ಟಾದ ಮೇಲೆ ಹೊಸ ಅಂಜಿಕೆ ಹುಟ್ಟಿತು. ವರ್ಷವಿಡೀ ಆ ತೊಟ್ಟಿಗಳ ನೀರನ್ನು ಎಲ್ಲಿಗೆ ಬಿಟ್ಟಿದ್ದೆ? ಕಾಲುವೆಗೆ. ಕಾಲುವೆ ಎಲ್ಲಿಗೆ? ಕೃಷ್ಣೆಗೆ. ಮೀನು ತಿನ್ನದೆ ಬಿಟ್ಟ ಹಿಟ್ಟು, ಅವುಗಳ ಮೈಯಿಂದ ಇಳಿದ ಔಷಧ ಎಲ್ಲ ಆ ನೀರಿನಲ್ಲೇ ಇತ್ತು. ಅದೇ ನದಿಗೆ ಬೇರೆ ಎಷ್ಟೋ ಕಡೆಯಿಂದ ಎಂತೆಂಥದೋ ನೀರು ಬಂದು ಸೇರುತ್ತದೆ. ಅದರಲ್ಲಿ ಯಾವ ಮರಿ ಯಾವ ಕಡೆ ಹೊರಳುತ್ತಿದೆಯೋ, ಹೊಟ್ಟೆಗೆ ನೀಲಿ ಹಚ್ಚಿ ನೋಡುವವರು ಯಾರು? ಬೀಳಗಿ ಕಡೆ ಹಿನ್ನೀರಿನಲ್ಲಿ ಬಲೆ ಹಾಕುವವರು ಸಿಕ್ಕಾಗಲೆಲ್ಲ, “ಹೆಣ್ಣ ಬೀಳ್ತಾವೇನ್ರಪಾ? ತತ್ತಿ ಇರತಾವೇನ?” ಎಂದು ಕೇಳುವ ಚಟ ನನಗೆ ಆಗ ಹತ್ತಿದ್ದು. ಅವರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ನೀಲವ್ವನ ದಿನ ತುಂಬುವವರೆಗೆ ಅನ್ನ ರುಚಿಸಲಿಲ್ಲ. ಒಂದು ಮಾತು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಗಂಡು ಬೇಕು ಎಂದು ಆ ಹಿಟ್ಟು ತಿನ್ನಿಸಿದ್ದಕ್ಕೆ ಲಕ್ಕವ್ವನನ್ನು ಮನಸ್ಸಿನಲ್ಲಿ ಶಪಿಸಿದ ನಾನೇ, ಬೀರೇಶ್ವರನ ಗುಡಿಗೆ ಹೋಗಿ ಕಾಯಿ ಒಡೆಸಿ, “ಗಂಡ ಆಗಲೆಪಾ” ಎಂದು ಬೇಡಿಕೊಂಡೆ. ಗಂಡಾದರೆ ಔಷಧದ ಹೆದರಿಕೆ ಅಷ್ಟಿಲ್ಲ ಎಂಬುದು ನನ್ನ ಲೆಕ್ಕಾಚಾರ. ಗುಡಿಯಿಂದ ಹೊರಗೆ ಬಂದಾಗ ಲಕ್ಕವ್ವ ಒಳಗೆ ಬರುತ್ತಿದ್ದಳು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಹೆಣ್ಣು ಹುಟ್ಟಿತು. ಬಾಯಿಯವರು ಕೂಸನ್ನು ತಿರುವಿ ಮುರುವಿ ನೋಡಿ, “ಈಗಿನ ಮಟ್ಟಿಗೆ ಏನೂ ಕಾಣವಲ್ದು” ಎಂದರು. ಈಗಿನ ಮಟ್ಟಿಗೆ ಎಂಬ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಗಂಗವ್ವ ಎಂದು ಹೆಸರಿಟ್ಟರು.

ತಿಂಗಳೊಪ್ಪತ್ತಿನಲ್ಲಿ ನೀಲವ್ವನ ಗಂಡ ಕೇಂದ್ರಕ್ಕೆ ಬಂದ. ಎತ್ತರದ ಆಳು, ಹೆಗಲ ಮೇಲೆ ಕಂಬಳಿ. ಯಾರೋ ಎಲ್ಲವನ್ನೂ ಹೇಳಿದ್ದರು. ಇವನು ಇವತ್ತು ನನ್ನನ್ನು ಹೊಂಡದಲ್ಲಿ ಮುಳುಗಿಸುತ್ತಾನೆ ಎಂದು ನಾನು ಮೋಟಾರು ಮನೆಯ ಬಾಗಿಲು ಹಿಡಿದು ನಿಂತೆ. ಅವನು ಬಂದವನೇ ನೆಲಕ್ಕೆ ಕುಕ್ಕರಿಸಿದ.

“ಅಣ್ಣಾರ, ನನ್ನ ಕೂಸಿಗೆ ಏನೂ ಆಗೂದಿಲ್ಲಲ್ರಿ?”

“ಆಗಬಾರದಪಾ. ದೇವರದಾನ” ಎಂದೆ. ಬೇರೆ ಏನು ಹೇಳಲಿ?

“ಇನ್ನೊಂದ ಲಗ್ನದ ಮಾತ ಬಿಟ್ಟೇನ್ರಿ. ಆ ಮಾತಿಗೆ ಅಂಜಿ ನಮ್ಮತ್ತಿ ಆಕಿಗೆ ಇದನ್ನ ತಿನ್ನಿಸಿದ್ಳು. ಮತ್ತ ಎತ್ತಿದ್ರ ಇನ್ನೇನ ತಿನ್ನಿಸ್ತಾಳೋ ಅಂತ ನನಗ ಅಂಜಿಕಿ ಬಂದೈತ್ರಿ.” ಅವನು ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಂಡು ಹೋದ. ಅಂಜಿಕೆಯಿಂದ ಒಳ್ಳೆಯದಾದದ್ದನ್ನು ನಾನು ಕಂಡದ್ದು ಅದೊಂದೇ.

ಮುಂದೆ ಕೇಂದ್ರ ಬೆಳೆಯಿತು, ಹೊಸ ತೊಟ್ಟಿ ಬಂದವು, ಗಾಳಿ ಊದುವ ಯಂತ್ರ ಬಂತು. ಅದನ್ನೆಲ್ಲ ಬರೆದು ನಿಮಗೆ ಬೇಸರ ತರಿಸುವುದಿಲ್ಲ. ನನ್ನ ಮಟ್ಟಿಗೆ ಆ ವರ್ಷಗಳೆಂದರೆ ಗಂಗವ್ವ. ರಜೆಗೆ ಅಜ್ಜಿಯ ಮನೆಗೆ ಬಂದಾಗಲೆಲ್ಲ ಲಕ್ಕವ್ವ ಅವಳನ್ನು ಹೊಂಡದ ಕಡೆ ಕರೆತರುತ್ತಿದ್ದಳು. ನಾನು ಕೈಯಲ್ಲಿ ಪೆಪ್ಪರಮೆಂಟು ಹಿಡಿದು ಮಾತಾಡಿಸುತ್ತಿದ್ದೆ. ಸಾಲಿ ಹೆಂಗೈತಿ, ಬಾಯಿಪಾಠ ಹೇಳು, ಹಾಡ ಬರತೈತೇನು? ಹುಡುಗಿ ಹೇಳಿದ್ದರಲ್ಲಿ ಒಂದೂ ನನ್ನ ತಲೆಗೆ ಹೋಗುತ್ತಿರಲಿಲ್ಲ. ದನಿ ಒಡೆದಿದೆಯೋ, ದಪ್ಪವಾಗುತ್ತಿದೆಯೋ ಎಂದು ಬರೀ ದನಿ ಕೇಳುತ್ತಿದ್ದೆ. ಮೇಲ್ದುಟಿಯ ಮೇಲೆ ನೆರಳು ಕಂಡರೆ ಎದೆ ಧಸಕ್ಕೆನ್ನುತ್ತಿತ್ತು, ಹತ್ತಿರ ಬಂದರೆ ಅದು ಧೂಳು. ಒಂದು ವರ್ಷ ನೆಗಡಿಯಾಗಿ ಗೊಗ್ಗರು ದನಿಯಲ್ಲಿ ಮಾತಾಡಿದಳು. ನೆಗಡಿ ಹೋಗುವತನಕ ಐದು ದಿನ ನಾನು ಕೆಲಸದಲ್ಲಿ ಮನಸ್ಸಿಲ್ಲದೆ ಮರಿಗಳಿಗೆ ಎರಡೆರಡು ಸಲ ಹಿಂಡಿ ಹಾಕಿ ನೀರು ಕೆಡಿಸಿದೆ. ಲಕ್ಕವ್ವನೂ ದೂರ ನಿಂತು ಅದನ್ನೇ ಕೇಳುತ್ತಿದ್ದಳು ಎಂದು ನನಗೆ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ. ಅವಳ ಕೂದಲು ಆ ವರ್ಷಗಳಲ್ಲಿ ಪೂರ್ತಿ ಬೆಳ್ಳಗಾಯಿತು.

ನಾನು ಕೆಲಸ ಬಿಟ್ಟ ಮರುವರ್ಷ, ಒಂದು ಮುಂಜಾನೆ ಬಾಗಿಲಲ್ಲಿ ಲಕ್ಕವ್ವ ನಿಂತಿದ್ದಳು. ಇಷ್ಟು ವರ್ಷ ಜೊತೆಗೆ ದುಡಿದರೂ ಅವಳು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಕೈಯಲ್ಲಿ ಕೊಬ್ಬರಿ ಬೆಲ್ಲದ ಗಂಟು. ಒಳಗೆ ಬಾ ಎಂದರೂ ಬರದೆ ಹೊಸ್ತಿಲ ಆಚೆಯಿಂದಲೇ ಹೇಳಿದಳು.

“ಯಣ್ಣಾ, ನಮ್ಮ ಗಂಗವ್ವ ದೊಡ್ಡಾಕಿ ಆದಳು.”

ಹೊಸ್ತಿಲ ಈಚೆ ನಾನು ಕೂತೆ, ಆಚೆ ಅವಳು ಕೂತಳು. ಇಬ್ಬರೂ ಅತ್ತೆವು. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ನೋಡಿ ಬೆರಗಾದಳು. “ಮಂದಿ ಮನಿ ಹುಡುಗಿ ದೊಡ್ಡಾಕಿ ಆದ್ರ ನೀವ್ಯಾಕ ಅಳಾಕತ್ತೀರಿ?” ಎಂದಳು. ಅವಳಿಗೂ ನಾನು ಅದುವರೆಗೆ ಹೇಳಿರಲಿಲ್ಲ. ಅಂದು ಹೇಳಿದೆ. ಅವಳು ಕೇಳಿ ಮುಗಿಸಿ ಲಕ್ಕವ್ವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟಳು.

ಎದ್ದು ಹೋಗುವಾಗ ಲಕ್ಕವ್ವ, “ಉಡಿ ತುಂಬೂ ಕಾರ್ಯೇಕ್ಕ ಸೀರಿ ಸ್ವಾದರಮಾವ ತರಬೇಕು. ನೀಲವ್ವಗ ಅಣ್ಣತಮ್ಮ ಯಾರದಾರ? ನೀನ ತರಬೇಕು” ಎಂದಳು.

ರಬಕವಿಗೆ ಹೋಗಿ ಹಸಿರು ಸೀರೆ ತಂದೆ. ಬೀಳಗಿ ಕಡೆಯ ಆ ಹೊಸ ಊರಿನಲ್ಲಿ, ಚಪ್ಪರದ ಕೆಳಗೆ ಗಂಗವ್ವ ಸೀರೆ ಉಟ್ಟು ಕೂತಿದ್ದಳು. ಅಜ್ಜಿಯಂತೆಯೇ ಚುರುಕು ಕಣ್ಣು. ಕಾಲು ಮುಟ್ಟಿ ನಮಸ್ಕಾರ ಮಾಡಿ, ತಲೆಯೆತ್ತಿ, ಸುತ್ತಲಿನ ಹೆಂಗಸರಿಗೆಲ್ಲ ಕೇಳುವ ಹಾಗೆ ಕೇಳಿದಳು.

“ಅಜ್ಜಾ, ನಾ ಸಣ್ಣಾಕಿದ್ದಾಗ ಬಂದಾಗೊಮ್ಮಿ ಅಷ್ಟ ಮಾತಾಡಸ್ತಿದ್ದೆಲ್ಲ, ಆದ್ರ ನಾ ಹೇಳಿದ್ದು ಒಂದೂ ನಿನಗ ನೆನಪಿರ್ತಿದ್ದಿಲ್ಲ. ಮತ್ಯಾಕ ಕೇಳ್ತಿದ್ದಿ?”

ಲಕ್ಕವ್ವ ಆರತಿ ತಟ್ಟೆ ಹಿಡಿದು ಅಲ್ಲೇ ನಿಂತಳು.

“ನಿನ್ನ ದನಿ ಕೇಳಾಕವ್ವಾ” ಎಂದೆ.

“ಇಷ್ಟನ?” ಎಂದು ಹುಡುಗಿ ಸಣ್ಣ ದನಿಯಲ್ಲಿ ಕಿಲಕಿಲ ನಕ್ಕಳು.